ಬಿಸಿಗೂ ತಂಪಿಗೂ ಒಂದೇ ನೀರು

ಕಳೆದ ವಾರ ಗೋಕಾಕ ಬಸ್ ನಿಲ್ದಾಣದಲ್ಲಿ ಮೂಡಲಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹಳೆಯ ಬಸ್ಸೊಂದರ ರೇಡಿಯೇಟರ್ ಕುದಿಯತೊಡಗಿತ್ತು. ಚಾಲಕ ಹಸಿ ಗೋಣಿತಟ್ಟು ಸುತ್ತಿ ಮುಚ್ಚಳ ತಿರುವಿದ. ಬುಸ್ಸೆಂದು ಉಗಿ ಎದ್ದು ಹಸಿರು ನೀರು ನೆಲದ ಮೇಲೆ ಹರಿಯಿತು. ಅದರ ಹಿಂದೆಯೇ ಆ ವಾಸನೆ ಬಂತು. ಬೆಲ್ಲದ ಪಾಕ ತಳ ಹತ್ತುವುದಕ್ಕೆ ಸ್ವಲ್ಪ ಮೊದಲು ಬರುವಂಥ ವಾಸನೆ, ಆದರೆ ಬೆಲ್ಲದ್ದಲ್ಲದ ಸಿಹಿ. ಜನ ಸೀರೆ, ಧೋತರ ಎತ್ತಿಕೊಂಡು ದೂರ ಸರಿದರು. ನಾನು ಮಾತ್ರ ಅಲ್ಲೇ ನಿಂತೆ. ನನ್ನ ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ಆ ನೀರಿನಲ್ಲಿ ಗ್ಲೈಕಾಲ್ ಇರುತ್ತದೆ. ನೀರಿಗೆ ಅದನ್ನು ಬೆರೆಸಿದರೆ ಚಳಿಗೆ ಬೇಗ ಹೆಪ್ಪುಗಟ್ಟುವುದಿಲ್ಲ, ಬಿಸಿಗೆ ಬೇಗ ಕುದಿಯುವುದಿಲ್ಲ. ಅಷ್ಟೇ ಅದರ ಗುಣ. ಆ ಒಂದು ಗುಣಕ್ಕಾಗಿ ನಾವು ಅದನ್ನು ಆರಿಸಿದ ವರ್ಷ, ಅದರ ಹಿಂದೆ ಬಂದ ಬೇಸಿಗೆ, ಇವೆರಡೂ ನನ್ನ ಮೈಯಲ್ಲಿ ಇನ್ನೂ ಇವೆ.

ಆಗ ನಾನು ಕಲ್ಲೋಳಿ ರಸ್ತೆಯ ಒಂದು ಸಣ್ಣ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಬಿ.ಎಸ್ಸಿ. ಓದಿ, ಮದುವೆಯಾಗಿ ಕುಲಗೋಡಕ್ಕೆ ಬಂದು, ಮಕ್ಕಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ಡೈರಿಯ ಮಾಲೀಕರು ಈರಣ್ಣ. ಸುತ್ತಲಿನ ಹಳ್ಳಿಗಳ ಎಮ್ಮೆ ಹಾಲು ಕೊಂಡು ಮೊಸರು, ಶ್ರೀಖಂಡ ಮಾಡಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಅಂಗಡಿಗಳಿಗೂ ಮದುವೆ ಮನೆಗಳಿಗೂ ಕಳಿಸುತ್ತಿದ್ದರು.

ವ್ಯಾಪಾರ ಶುರುಮಾಡಿದ್ದು ಮಾತ್ರ ಅವರ ತಾಯಿ ಗಂಗವ್ವ. ಗಂಡ ತೀರಿಕೊಂಡ ಮೇಲೆ ಮೊಸರಿನ ಗಡಿಗೆ ಹೊತ್ತು ಮೂಡಲಗಿ ಸಂತೆಗೆ ನಡೆದು ಹೋಗಿ ಮಾರಿದವಳು. ನಮ್ಮ ಕಡೆ ಅವ್ವ ಎಂದು ಕರೆದವರಿಗೆ ಬಹುವಚನ ಹಚ್ಚುವುದಿಲ್ಲ, ಹಚ್ಚಿದರೆ ದೂರ ಮಾಡಿದಂತೆ. ನಾನು ಸೇರುವ ಹೊತ್ತಿಗೆ ಅವಳಿಗೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತಿತ್ತು. ವಾರಕ್ಕೆ ಎರಡು ಸಲ ಗೋಕಾಕದ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದಳು. ಉಳಿದ ದಿನ ಡೈರಿಯ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಇಳಕಲ್ ಸೀರೆಯ ಸೆರಗು ತಲೆಯ ತುಂಬ ಹೊದ್ದು, ಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ವೈದ್ಯರು ಅದು ತಿನ್ನಬೇಡ, ಇದು ಕುಡಿಯಬೇಡ ಎಂದು ಬಹಳ ಹೇಳಿದ್ದರು. ಎಲ್ಲ ಬಿಟ್ಟಿದ್ದಳು. ಮಧ್ಯಾಹ್ನ ಮೆತ್ತನೆಯ ರೊಟ್ಟಿಯ ಜೊತೆ ಒಂದು ಸಣ್ಣ ಬಟ್ಟಲು ಮೊಸರು ಮಾತ್ರ ಬಿಟ್ಟಿರಲಿಲ್ಲ. ವೈದ್ಯರೂ ಸೋತು, ಅಷ್ಟು ಇರಲಿ ಅಂದಿದ್ದರು.

ಆ ಚಳಿಗಾಲದಲ್ಲಿ ಈರಣ್ಣ ಹೊಸ ವ್ಯಾಟ್ ತರಿಸಿದರು. ಅದೊಂದು ಜೋಡು ಗೋಡೆಯ ದೊಡ್ಡ ಸ್ಟೀಲ್ ಪಾತ್ರೆ. ಒಳಗೆ ಹಾಲು, ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಹರಿದಾಡುವ ನೀರು. ಆ ನೀರು ಬಿಸಿಯಾಗಿ ಬಂದರೆ ಹಾಲು ಕಾಯುತ್ತದೆ, ತಣ್ಣಗೆ ಬಂದರೆ ಆರುತ್ತದೆ. ಮೊಸರಿಗೆ ಹಾಲನ್ನು ಮೊದಲು ಕುದಿಯ ಹತ್ತಿರಕ್ಕೆ ಒಯ್ಯಬೇಕು, ಆಮೇಲೆ ಬೆರಳು ಅದ್ದುವಷ್ಟು ಬೆಚ್ಚಗಿಳಿಸಿ ಹೆಪ್ಪು ಹಾಕಬೇಕು, ಹೆಪ್ಪಾದ ಮೇಲೆ ಹುಳಿಯಾಗದಂತೆ ಬೇಗ ತಂಪು ಮಾಡಬೇಕು. ಇಷ್ಟೂ ಒಂದೇ ಪಾತ್ರೆಯಲ್ಲಿ, ಒಂದೇ ದ್ರವದಿಂದ ಆಗುತ್ತದೆ ಎಂಬುದು ಹೊಸ ವ್ಯಾಟಿನ ಹೆಚ್ಚುಗಾರಿಕೆ.

ಗಂಗವ್ವ ಅದನ್ನು ಕೇಳಿ ನಕ್ಕಳು. "ಕಾಸೂದು ಒಲಿ ಮ್ಯಾಲ, ಆರಸೂದು ತಣ್ಣೀರಾಗ. ಎರಡಕ್ಕೂ ಒಂದ ನೀರ ಅಂದ್ರ ಹೆಂಗೋ ಈರ್ಯಾ? ಗಂಡನ ಮನೀ ಜಗಳಾನೂ ತವರಮನೀ ಸಂಭ್ರಮಾನೂ ಒಂದ ಬಾಯಿಲೆ ಹೇಳಿದಂಗ ಆತು."

ಆ ಒಂದು ನೀರನ್ನು ಆರಿಸಲು ನಾವು ಮೂವರು ಕುಳಿತೆವು. ಈರಣ್ಣ, ನಾನು, ಮತ್ತು ಹುಕ್ಕೇರಿಯ ದಸ್ತಗೀರ ಕಾಕಾ. ತಂಪು ಯಂತ್ರಗಳ ಮಿಸ್ತ್ರಿ ಅವರು. ಸುತ್ತಲಿನ ಎಷ್ಟೋ ಐಸ್ ಕಾರ್ಖಾನೆಗಳು ಕಾಕಾರ ಕೈಯಲ್ಲಿ ಎದ್ದು ನಿಂತಿದ್ದವು. ಬರೀ ನೀರು ಆಗದು ಎಂಬುದರಲ್ಲಿ ಮೂವರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಮೊಸರನ್ನು ಬೇಗ ಆರಿಸಲು ಒಳಗಿನ ದ್ರವ ಸೊನ್ನೆಗಿಂತ ಕೆಳಗೆ ಹೋಗಬೇಕು. ನೀರಾದರೆ ಕೊಳವೆಯಲ್ಲೇ ಮಂಜುಗಡ್ಡೆಯಾಗಿ ಕೊಳವೆ ಒಡೆಯುತ್ತದೆ. ಉಪ್ಪುನೀರು ಸ್ಟೀಲನ್ನು ತಿನ್ನುತ್ತದೆ. ಉಳಿದದ್ದು ಗ್ಲೈಕಾಲ್. ಆದರೆ ಗ್ಲೈಕಾಲ್‌ನಲ್ಲೂ ಎರಡು ಜಾತಿ: ಎಥಿಲೀನ್, ಪ್ರೊಪಿಲೀನ್.

"ಎಥಿಲೀನ್ ಹಾಕ್ರಿ," ಅಂದರು ಕಾಕಾ. "ಎಷ್ಟ ತಂಪ ಇದ್ರೂ ನೀರಿನಂಗ ಹರಿತೈತಿ. ಪಂಪಿಗೆ ತ್ರಾಸ ಇಲ್ಲ. ಇನ್ನೊಂದ ಐತೆಲ್ಲಾ, ಅದು ತಂಪಾದ್ರ ಕಾಕಂಬಿ ಆಗತೈತಿ."

ಅವರು ಹೇಳಿದ್ದು ಸುಳ್ಳಲ್ಲ. ನಾನು ಹೇಳಿದ್ದೂ ಸುಳ್ಳಾಗಿರಲಿಲ್ಲ. "ಕಾಕಾ, ಎಥಿಲೀನ್ ವಿಷರಿ. ಹೊಟ್ಟಿಗೆ ಹೋದ್ರ ಕಿಡ್ನಿ ಕೆಡಸ್ತೈತಿ. ಅದರಾಗ ರುಚಿ ಸಿಹಿ, ಹಾಲಿನಾಗ ಬಿದ್ರ ನಾಲಿಗಿಗೆ ಗೊತ್ತೂ ಆಗಂಗಿಲ್ಲ. ಪ್ರೊಪಿಲೀನ್ ಹೊಟ್ಟಿಗೆ ಹ್ವಾದ್ರೂ ಏನೂ ಆಗಂಗಿಲ್ಲ."

"ಎರಡ ಗ್ವಾಡಿ ನಡುವ ಇರೂದು ಹಾಲಿನಾಗ ಯಾಕ ಬೀಳತೈತ್ರಿ ಮೇಡಂ?"

"ಬೀಳಬಾರದು ಖರೆ. ಬಿದ್ರ?"

ಈರಣ್ಣ ಇಬ್ಬರ ಮುಖವನ್ನೂ ನೋಡಿದರು. ಪ್ರೊಪಿಲೀನ್ ದುಬಾರಿ, ಮಂದ, ಪಂಪು ಹೆಚ್ಚು ಕರೆಂಟು ತಿನ್ನುತ್ತದೆ. ಎಲ್ಲ ಕೇಳಿ ಗೇಟಿನ ಕಡೆ ಕೈ ಮಾಡಿದರು. "ಅಲ್ಲಿ ಕುಂತಾಳಲ್ಲಾ, ನಮ್ಮವ್ವ ತಿನ್ನೂದೂ ಇದ ಮೊಸರು. ಚಲೋದ ಹಾಕ್ರಿ."

ಹಾಗೆ ಆಯ್ಕೆ ಮುಗಿಯಿತು. ಪೂರ್ತಿ ಗ್ಲೈಕಾಲ್ ಹಾಕಿದರೆ ಬಿಸಿ ಸರಿಯಾಗಿ ದಾಟುವುದಿಲ್ಲ, ಕಡಿಮೆ ಹಾಕಿದರೆ ಹೆಪ್ಪುಗಟ್ಟುತ್ತದೆ. ಲೆಕ್ಕ ಹಾಕಿ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಬೆರೆಸಿದೆವು. ಬೋರಿನ ಸವಳು ನೀರು ಬೇಡವೆಂದು ಬ್ಯಾಟರಿಗೆ ಹಾಕುವಂಥ ಶುದ್ಧ ನೀರು ತರಿಸಿದೆವು. ಮೊದಲ ದಿನ ಪಂಪು ಮುಕ್ಕರಿಯಿತು, ಕಾಕಾ ನನ್ನ ಕಡೆ ನೋಡಿ "ನಾ ಹೇಳಿದ್ನಿಲ್ಲೋ?" ಎನ್ನುವಂತೆ ಹುಬ್ಬು ಹಾರಿಸಿದರು. ಆಮೇಲೆ ದೊಡ್ಡ ಪಂಪು ಕೂಡಿಸಿ ತಾವೇ ಸರಿಮಾಡಿದರು. ಯುಗಾದಿಯ ಹೊತ್ತಿಗೆ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗಿ ಬರತೊಡಗಿತು. ಗಂಗವ್ವ ಬಟ್ಟಲು ಬೋರಲು ಮಾಡಿ ತೋರಿಸಿ, "ಬೀಳವಲ್ತು ನೋಡ ತಂಗಿ," ಎಂದು ಎಲ್ಲರೆದುರು ಹೆಮ್ಮೆ ಪಟ್ಟಳು.

ಆ ಬೇಸಿಗೆ ಬಹಳ ಕೆಟ್ಟದ್ದಿತ್ತು. ಕಬ್ಬಿನ ಟ್ರಾಕ್ಟರುಗಳು ನಿಂತು ರಸ್ತೆ ಬಿಕೋ ಎನ್ನುತ್ತಿತ್ತು. ಘಟಪ್ರಭೆಯಲ್ಲಿ ಕಲ್ಲುಗಳೇ ಕಾಣುತ್ತಿದ್ದವು. ಮುಂಜಾನೆ ಹತ್ತಕ್ಕೆಲ್ಲ ತಗಡಿನ ಮೇಲ್ಛಾವಣಿ ಕಾದು, ಡೈರಿಯ ಒಳಗೆ ನಿಂತರೆ ಯಾರೋ ನೆತ್ತಿಯ ಮೇಲೆ ಹಂಚು ಇಟ್ಟಂತಾಗುತ್ತಿತ್ತು. ಮೊಸರಿಗೆ ಬೇಡಿಕೆ ದಿನದಿನಕ್ಕೆ ಏರಿತು. ವ್ಯಾಟ್ ದಿನಕ್ಕೆ ಒಂದು ಸಲದ ಬದಲು ಎರಡು ಸಲ ಕಾಯಿತು, ಎರಡು ಸಲ ಆರಿತು.

ಅಂಥ ಒಂದು ದಿನ ಗ್ಲೈಕಾಲ್ ಟಾಕಿಯ ಮಟ್ಟ ಇಳಿದದ್ದು ಕಂಡಿತು. ಹೊಸ ಕೊಳವೆ, ಎಲ್ಲೋ ಗಾಳಿ ಸಿಕ್ಕಿಕೊಂಡಿದ್ದು ಹೊರಗೆ ಹೋಗಿರಬೇಕು ಎಂದುಕೊಂಡೆವು. ಮತ್ತೆ ತುಂಬಲು ನಮಗೆ ಮೊದಲು ಕೊಟ್ಟವರ ಬಳಿ ಮಾಲಿರಲಿಲ್ಲ. ಬೇರೊಬ್ಬ ವ್ಯಾಪಾರಿಯಿಂದ ಒಂದು ಡ್ರಮ್ಮು ಬಂತು. ಮೇಲೆ ಅದೇ ಹೆಸರು, ಅದೇ ದರ್ಜೆ. ನನ್ನ ಬಳಿಯಿದ್ದ ಸಣ್ಣ ಉಪಕರಣದ ಗಾಜಿನ ಮೇಲೆ ಹನಿ ಹಾಕಿ ನೋಡಿದೆ, ಸರಿ ತೋರಿಸಿತು. ಸುರಿದೆವು. ಕೆಲವು ದಿನಗಳಲ್ಲಿ ಮಟ್ಟ ಮತ್ತೆ ಇಳಿಯಿತು.

ದಸ್ತಗೀರ ಕಾಕಾ ಬಂದು ಪ್ರತಿ ಜೋಡಣೆಗೂ ಬಿಳಿ ಕಾಗದ ಒತ್ತಿ ನೋಡಿದರು. ಪಂಪಿನ ಕೆಳಗೆ ಕೈ ಆಡಿಸಿದರು. ಎಲ್ಲ ಒಣಗಿತ್ತು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಅವರು ಎದ್ದು ನಿಂತು ಬೆವರು ಒರೆಸಿಕೊಂಡು, ಈರಣ್ಣರ ಕಡೆ ನೋಡದೆ ಹೇಳಿದರು: "ಹೊರಗ ಹೋಗಿಲ್ಲ ಅಂದ್ರ, ಒಳಗ ಹೋಗೇತ್ರಿ."

ವ್ಯಾಟ್ ಖಾಲಿ ಮಾಡಿ, ಒಳಗೋಡೆ ಒಣಗಿಸಿ, ಸಂದಿಯಲ್ಲಿ ದ್ರವದ ಒತ್ತಡ ಏರಿಸಿದೆವು. ಮೂವರೂ ಬಗ್ಗಿ ಬ್ಯಾಟರಿ ಬೆಳಕಿನಲ್ಲಿ ನೋಡುತ್ತ ಕೂತೆವು. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ತಳದ ಬೆಸುಗೆಯ ಗೆರೆಯ ಮೇಲೆ ಒಂದು ಮಣಿ ಮೂಡಿತು. ಸಣ್ಣ ಕೂಸಿನ ಮೂಗಿನ ಮೇಲೆ ಬೆವರು ಮೂಡುತ್ತದಲ್ಲ, ಅಷ್ಟು. ದಿನಕ್ಕೆ ಎರಡು ಸಲ ಕಾದು ಹಿಗ್ಗಿ, ಎರಡು ಸಲ ತಣ್ಣಗಾಗಿ ಕುಗ್ಗಿ, ಬೆಸುಗೆ ಕೂದಲೆಳೆಯಷ್ಟು ಸೀಳಿತ್ತು. ನಾವು ಆರಿಸಿದ ದ್ರವ ಬಿಸಿಯನ್ನೂ ತಾಳಿತು, ತಂಪನ್ನೂ ತಾಳಿತು. ಬೆಸುಗೆ ಮಾತ್ರ ತಾಳಿಕೊಳ್ಳಲಿಲ್ಲ.

ಯಂತ್ರ ಅಲ್ಲೇ ನಿಂತಿತು. ಈರಣ್ಣ ನನ್ನನ್ನು ಕೇಳಿದರು, "ನೀವ ಆರಿಸಿದ್ದು ಚಲೋದ ಐತೆಲ್ರಿ ಮೇಡಂ? ಹೊಟ್ಟಿಗೆ ಹ್ವಾದ್ರೂ ಏನೂ ಆಗಂಗಿಲ್ಲ ಅಂದಿದ್ರಿ."

"ಮೊದಲನೇ ಡ್ರಮ್ಮಿಂದು ನನಗ ನಂಬಿಕಿ ಐತ್ರಿ," ಅಂದೆ. "ಎರಡನೇದ್ದು..."

ಇಂಥದೇ ಡ್ರಮ್ಮುಗಳಲ್ಲಿ ಕಲಬೆರಕೆಯಾಗಿ, ಅದು ಮಕ್ಕಳ ಕೆಮ್ಮಿನ ಔಷಧಕ್ಕೆ ಸೇರಿ, ಮಕ್ಕಳು ತೀರಿಕೊಂಡ ಸುದ್ದಿಯನ್ನು ನಾನು ಪೇಪರಿನಲ್ಲಿ ಓದಿದ್ದೆ. ಮೇಲಿನ ಚೀಟಿ ಒಳ್ಳೆಯದು, ಒಳಗೆ ಅಗ್ಗದ ವಿಷ. ನನ್ನ ಉಪಕರಣ ದ್ರವದ ಮಂದವನ್ನು ಹೇಳಬಲ್ಲದೇ ಹೊರತು ಅದರಲ್ಲಿ ಸ್ವಲ್ಪ ಬೇರೆಯದು ಬೆರೆತಿದ್ದರೆ ಹೇಳಲಾರದು. ತೂಕದ ಅಳತೆಯನ್ನೂ ಮಾಡಿದೆ. ಅದು ಬಹುಪಾಲು ಸರಿ ಎಂದಿತು. ಬಹುಪಾಲು! ಆ ಮಾತನ್ನು ಕೈಯಲ್ಲಿ ಹಿಡಿದು ನಾನು ಯಾರ ಮುಂದೆ ನಿಲ್ಲಲಿ? ವ್ಯಾಪಾರಿಗೆ ಫೋನ್ ಮಾಡಿದರೆ, "ನಮಗ ಹೆಂಗ ಬಂತೋ ಹಂಗ ಕೊಟ್ಟೇವ್ರಿ," ಅಂದ. ಅವನು ಹೇಳಿದ್ದೂ ನಿಜವಿರಬಹುದು. ಎರಡೂ ಡ್ರಮ್ಮುಗಳ ತಳದಲ್ಲಿ ಉಳಿದ ದ್ರವ, ಉಳಿದಿದ್ದ ಮೊಸರು, ಎಲ್ಲವನ್ನೂ ಸೀಸೆಗಳಲ್ಲಿ ತುಂಬಿ ಪುಣೆಯ ಪ್ರಯೋಗಾಲಯಕ್ಕೆ ಕಳಿಸಿದೆವು. ಸರತಿ ದೊಡ್ಡದಿದೆ, ಕಾಯಬೇಕು ಅಂದರು.

ಯಂತ್ರ ನಿಂತ ಕೂಡಲೇ ಅಂಗಡಿಗಳಿಗೆಲ್ಲ ಫೋನ್ ಮಾಡಿ ಮೊಸರು ಮಾರಬೇಡಿರೆಂದಿದ್ದೆವು. ಆದರೆ ಮೊಸರು ಕಪಾಟಿನಲ್ಲಿ ಕೂತಿರುವ ಮಾಲೇನಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಬಂದದ್ದು ಮಧ್ಯಾಹ್ನಕ್ಕೆ ಜನರ ಹೊಟ್ಟೆಯಲ್ಲಿ. ಹುಕ್ಕೇರಿಯ ಒಂದು ಮದುವೆಗೆ ಹಿಂದಿನ ದಿನವಷ್ಟೇ ಶ್ರೀಖಂಡ ಹೋಗಿತ್ತು. ಅವರು ಫೋನ್ ಎತ್ತಲಿಲ್ಲ. ಮದುವೆ ಮನೆಯಲ್ಲಿ ಯಾರು ಎತ್ತುತ್ತಾರೆ? ಈರಣ್ಣ ಜೀಪು ತೆಗೆದರು, ನಾನೂ ಹತ್ತಿದೆ.

ನಾವು ಮಂಟಪ ಮುಟ್ಟಿದಾಗ ಮೊದಲ ಪಂಕ್ತಿ ಕೂತಾಗಿತ್ತು. ಎಲೆಯ ತುದಿಯಲ್ಲಿ ಹಳದಿ ಶ್ರೀಖಂಡ. ಸಣ್ಣ ಹುಡುಗಿಯೊಬ್ಬಳು ಅನ್ನ ಬರುವ ಮುಂಚೆಯೇ ಅದನ್ನು ಬೆರಳಿನಿಂದ ನೆಕ್ಕುತ್ತಿದ್ದಳು. ಮದುಮಗಳ ತಂದೆ ರುಮಾಲು ಸರಿಮಾಡಿಕೊಳ್ಳುತ್ತ ನಗುನಗುತ್ತ ಬಂದು, "ಬರ್ರಿ ಬರ್ರಿ ಈರಣ್ಣಾರ, ಊಟಕ್ಕ ಕೂಡ್ರಿ," ಅಂದರು. ಈರಣ್ಣ ಅವರ ಎರಡೂ ಕೈ ಹಿಡಿದುಕೊಂಡರು.

"ಯಜಮಾನ್ರ, ಶ್ರೀಖಂಡ ತಗಸ್ರಿ. ಯಾರೂ ತಿನ್ನಬಾರದು."

"ಯಾಕ್ರಿ? ಹುಳಿ ಆಗೇತೇನು?"

"ಹುಳಿ ಆಗಿಲ್ರಿ. ನಮ್ಮ ಮಶೀನಿನ ನೀರ ಅದರಾಗ ಬಿದ್ದಿರಬೇಕು."

"ವಿಷದ ನೀರೇನ್ರಿ?"

"ಗೊತ್ತಿಲ್ರಿ."

ಆ ಹಿರಿಯರ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಕಣ್ಣು ಮಾತ್ರ ಬದಲಾಗಿತ್ತು. "ಗೊತ್ತಿಲ್ಲ ಅಂದ್ರ ಏನ್ರಿ? ಹೌದು ಅನ್ರಿ, ಇಲ್ಲ ಅನ್ರಿ. ಬೀಗರು ಊಟಕ್ಕ ಕುಂತಾರ, ನಾ ಏನಂತ ಹೇಳ್ಲಿ ಅವರಿಗೆ?"

ನನ್ನ ಕಡೆ ತಿರುಗಿದರು, ಓದಿದ ಹೆಂಗಸು ಏನಾದರೂ ಹೇಳಬಹುದೆಂದು. ನಾನೂ ಅದೇ ಮಾತು ಹೇಳಿದೆ: "ಗೊತ್ತಿಲ್ರಿ ಯಜಮಾನ್ರ. ನಾಲ್ಕ ದಿನ ಆದ ಮ್ಯಾಲ ಗೊತ್ತಾಕ್ಕೈತಿ."

ಬಡಿಸುವವರು ಬಕೆಟ್ ಹಿಡಿದು ಎಲೆಯಿಂದ ಎಲೆಗೆ ಬಗ್ಗಿ ಶ್ರೀಖಂಡ ಬಳಿದುಕೊಂಡು ಹೋದರು. ಬಡಿಸಿದ್ದನ್ನು ತಿರುಗಿ ತೆಗೆಯುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಜನ ನಮ್ಮಿಬ್ಬರನ್ನೇ ನೋಡುತ್ತಿದ್ದರು. ಆ ಹುಡುಗಿಯ ತಾಯಿ ಸೆರಗಿನಿಂದ ಮಗಳ ಬಾಯಿ ಒರೆಸುತ್ತಿದ್ದಳು, ಎಷ್ಟು ಒರೆಸಿದರೂ ಸಾಲದೆಂಬಂತೆ. ಈರಣ್ಣ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈ ಮುಗಿದರು. ಯಾರೂ ತಿರುಗಿ ಮುಗಿಯಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಎಂದಿನಂತೆ ಹಾಲು ಬಂದು ನಿಂತಿತು. ನಾಗನೂರಿನಿಂದ, ಕಲ್ಲೋಳಿಯಿಂದ, ಸೈಕಲ್ಲಿನ ಮೇಲೆ, ಬೈಕಿನ ಮೇಲೆ, ತಲೆಯ ಮೇಲೆ. ಹಾಲಿಗೂ ವ್ಯಾಟಿಗೂ ಸಂಬಂಧವಿರಲಿಲ್ಲ, ಆ ಹಾಲು ಶುದ್ಧವೇ. ಆದರೆ ಕೊಂಡು ಏನು ಮಾಡುವುದು? ಬೇರೆ ಡೈರಿಗಳಿಗೆ ಕೇಳಿದೆವು. ಸುದ್ದಿ ನಮಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು. ನಮ್ಮ ಗೇಟಿನಿಂದ ಬಂದ ಹಾಲು ಯಾರಿಗೂ ಬೇಡವಾಗಿತ್ತು.

ನಾಗನೂರಿನ ಯಲ್ಲವ್ವ ನಾನು ಸೇರಿದಂದಿನಿಂದ ಒಂದು ದಿನವೂ ನೀರು ಬೆರೆಸಿ ತಂದವಳಲ್ಲ. ಕ್ಯಾನು ಇಳಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎಷ್ಟ ದಿನಾ ಅಕ್ಕಾರ?"

"ಗೊತ್ತಿಲ್ಲ ಯಲ್ಲವ್ವ. ರಿಪೋರ್ಟ್ ಬರೂ ತನಕ."

"ನೀವು ಮಶೀನ ಬಂದ್ ಮಾಡೀರಿ, ಚಲೋ ಆತು. ನಾ ಎಮ್ಮಿ ಕೆಚ್ಚಲಾ ಹೆಂಗ ಬಂದ್ ಮಾಡ್ಲಿರಿ?"

ಅವಳು ಜಗಳಕ್ಕೆ ಕೇಳಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಆಮೇಲೆ ಕ್ಯಾನು ತಿರುಗಿ ತಲೆಗೇರಿಸಿಕೊಂಡಳು. ಕೆಲವರು ಒಯ್ಯಲಾಗದೆ ಗಟಾರಿನಲ್ಲಿ ಸುರಿದರು. ಬಿಸಿಲಿಗೆ ಅದು ಒಂದು ತಾಸಿನಲ್ಲಿ ಒಡೆದು ನಾತ ಹೊಡೆಯತೊಡಗಿತು. ಓಣಿಯ ನಾಯಿಗಳೂ ಕುಡಿದು ಸಾಕಾಗಿ ಗೋಡೆಯ ನೆರಳಲ್ಲಿ ಮಲಗಿದವು.

ಆ ದಿನಗಳಲ್ಲೇ ಗಂಗವ್ವನ ಕಾಲು ಬಾತವು. ಉಸಿರು ಮೇಲುಮೇಲಕ್ಕೆ ಬಂತು. ಗೋಕಾಕಕ್ಕೆ ಒಯ್ದಾಗ ಈರಣ್ಣ ವೈದ್ಯರ ಮುಂದೆ ಎಲ್ಲ ಹೇಳಿದರು: ವ್ಯಾಟು, ಸೀಳು, ಎರಡನೆಯ ಡ್ರಮ್ಮು, ದಿನಾಲೂ ಅವ್ವ ತಿಂದ ಬಟ್ಟಲು ಮೊಸರು. ವೈದ್ಯರು ತಾಳ್ಮೆಯಿಂದ ಕೇಳಿದರು.

"ಅಮ್ಮಾರ ಕಿಡ್ನಿ ಮೊದಲ ಹೋಗ್ಯಾವ್ರಿ. ಈಗ ಕೆಟ್ಟಿದ್ದು ಅದರಿಂದನೋ, ವಯಸ್ಸಿಂದನೋ, ಈ ಬಿಸಲಿಂದನೋ, ನಾ ಹೆಂಗ ಹೇಳ್ಲಿ?" ಅಂದರು. "ಕೆಟ್ಟದ್ದು ಬಿದ್ದಿದ್ರ ರಕ್ತ ತೊಳಿಯೂದಂತೂ ಹೆಂಗೂ ನಡದೈತಿ. ಅದಕ್ಕಿಂತ ಹೆಚ್ಚ ನನ್ನ ಕೈಯಾಗ ಇಲ್ಲ."

ಮನೆಗೆ ಕರೆತಂದ ದಿನದಿಂದ ಈರಣ್ಣ ತಾಯಿಗೆ ಮೊಸರು ನಿಲ್ಲಿಸಿದರು. ಡೈರಿಯ ಮೊಸರಂತೂ ಇರಲಿಲ್ಲ. ಮನೆಯ ಎಮ್ಮೆಯ ಹಾಲಿಗೆ ಹಾಕುವ ಹೆಪ್ಪು ಕೂಡ ಡೈರಿಯ ಮೊಸರಿನದೇ. ಓಣಿಯ ಮನೆಗಳಲ್ಲೂ ಅವಳೇ ಕೊಟ್ಟ ಹೆಪ್ಪು. ಅದನ್ನೂ ಒಲ್ಲೆನೆಂದರು. ಗೋಕಾಕದಿಂದ ಪಾಕೀಟಿನ ಮೊಸರು ತಂದು ಕೊಟ್ಟರೆ ಗಂಗವ್ವ ನಾಲಿಗೆಯ ತುದಿಗೆ ಹಚ್ಚಿಕೊಂಡು ಬಟ್ಟಲು ದೂರ ಸರಿಸಿದಳು.

ನಾನು ನೋಡಲು ಹೋದಾಗ ಹಜಾರದ ಹೊರಸಿನ ಮೇಲೆ ಮಲಗಿದ್ದಳು. ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ನನ್ನ ಕೈ ಹಿಡಿದುಕೊಂಡಳು. ಆ ಕೈ ಮೊದಲು ಹೇಗಿತ್ತೆಂದು ಬಲ್ಲವರಿಗೆ ಅದನ್ನು ಹಿಡಿಯುವುದು ಕಷ್ಟ.

"ತಂಗಿ, ಯಾಕ ನನಗ ಮೊಸರ ಕೊಡವಲ್ರು?"

"ಡಾಕ್ಟರ್ ಬ್ಯಾಡ ಅಂದಾರಬೇ."

"ಡಾಕ್ಟರ್ ಅಂದಿಲ್ಲ. ಈರ್ಯಾ ಅಂದಾನ. ನನ್ನ ಮಾರಿ ನೋಡವಲ್ಲ ಅಂವ." ಒಣಗಿದ ತುಟಿ ನೆಕ್ಕಿಕೊಂಡಳು. "ಬಾಯಿ ಕಹಿ ಆಗೇತಿ. ಒಂದ ಚಮಚೆ ಸಾಕು. ಹೊಟ್ಟಿಗೆ ಅಲ್ಲ, ಬಾಯಿಗೆ."

ಹೊರಗೆ ಬಂದು ಈರಣ್ಣರಿಗೆ ಹೇಳಿದೆ: ಹೆಪ್ಪಿನ ಒಂದು ಚಮಚದಲ್ಲಿ ಏನಿದ್ದರೂ ಎಷ್ಟಿದ್ದೀತು, ಸಮುದ್ರದಲ್ಲಿ ಹನಿ, ಹೊಸದಾಗಿ ಹಾಕಿದ ಮೊಸರು ಕೊಡಬಹುದು ಎಂದು. ಅವರು ಕಟ್ಟೆಯ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ಎಲ್ಲ ಕೇಳಿ ತಲೆಯೆತ್ತಿದರು.

"ನಿಮ್ಮ ಅವ್ವಾಗಿದ್ರ ಕೊಡ್ತಿದ್ರೇನ್ರಿ ಮೇಡಂ?"

ನನ್ನ ತಾಯಿಯ ಮುಖ ಕಣ್ಣ ಮುಂದೆ ಬಂತು. ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಡೆದೆ.

ದಿನಾಲೂ ಪುಣೆಗೆ ಫೋನ್ ಮಾಡುತ್ತಿದ್ದೆ. ದಿನಾಲೂ ಒಬ್ಬ ಹುಡುಗಿ ಮೃದುವಾದ ಹಿಂದಿಯಲ್ಲಿ ಇನ್ನೂ ಆಗಿಲ್ಲ ಅನ್ನುತ್ತಿದ್ದಳು. ಇತ್ತ ದಸ್ತಗೀರ ಕಾಕಾ ರೋಜೆಯ ಉಪವಾಸದಲ್ಲಿದ್ದರೂ ಬಂದು, ಯಂತ್ರ ನಿಂತಿದ್ದರೂ ಅದರ ಸುತ್ತ ಓಡಾಡಿ, ಬಿಚ್ಚಿದ್ದ ನಟ್ಟು ಮತ್ತೆ ಬಿಗಿದು, ಬಿಗಿದದ್ದನ್ನು ಬಿಚ್ಚಿ ಹೋಗುತ್ತಿದ್ದರು. ಮಾಡಲು ಕೆಲಸವಿಲ್ಲದ ಕೈಗಳನ್ನು ಎಲ್ಲಿ ಇಡಬೇಕೆಂದು ನಮ್ಮಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹುಕ್ಕೇರಿಯ ಮದುವೆಯವರಿಂದ ಯಾವ ಸುದ್ದಿಯೂ ಇರಲಿಲ್ಲ. ಸುದ್ದಿಯಿಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಲು ಈರಣ್ಣರಿಗೆ ಧೈರ್ಯವಿರಲಿಲ್ಲ. ಕೊನೆಗೆ ಕಾಕಾ ತಾವೇ ಆ ಮನೆಯ ಮುಂದೆ ಹಾದುಹೋಗಿ ಬಂದರು. "ಎಲ್ಲಾರೂ ಆರಾಮ ಅದಾರ. ಆ ಹುಡಗಿ ಅಂಗಳದಾಗ ಆಡಾಕತ್ತಿತ್ತು," ಅಂದರು. ಆ ಒಂದು ಮಾತಿಗೆ ಈರಣ್ಣ ಗೋಡೆ ಹಿಡಿದು ಅತ್ತರು.

ಆದರೆ ಗಂಗವ್ವ ಉಳಿಯಲಿಲ್ಲ. ವರ್ಷದ ಮೊದಲ ಅಡ್ಡಮಳೆ ಗುಡುಗಿ, ಆಲಿಕಲ್ಲು ಬಿದ್ದು, ತಗಡುಗಳೆಲ್ಲ ಬಡಿದುಕೊಳ್ಳುತ್ತಿದ್ದ ಒಂದು ಮಧ್ಯಾಹ್ನ ಹೋದಳು. ಆ ಗದ್ದಲದಲ್ಲಿ ಅವಳು ಕೊನೆಗೆ ಏನೋ ಹೇಳಿದ್ದು ಸೊಸೆಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಹಣೆಯ ತುಂಬ ವಿಭೂತಿ ಹಚ್ಚಿ ಕೂಡಿಸಿದ್ದರು. ಸಂತೆಗೆ ಹೊರಟವಳಂತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ನಾಗನೂರಿನಿಂದ, ಕಲ್ಲೋಳಿಯಿಂದ ಹಾಲಿನವರೆಲ್ಲ ಬಂದರು. ಭಜನೆಯವರ ಹಿಂದೆ ಯಲ್ಲವ್ವ ಕೆಸರಿನಲ್ಲಿ ಬರಿಗಾಲಲ್ಲಿ ನಡೆದಳು. ಹೊಲದ ಅಂಚಿನಲ್ಲಿ ಮಣ್ಣು ಮಾಡುವಾಗ ಈರಣ್ಣ ಒಮ್ಮೆ ಮಾತ್ರ ಬಾಯಿ ತೆರೆದರು. ಪಕ್ಕದಲ್ಲಿದ್ದ ಕಾಕಾಗೆ, "ನಾನ ಹಾಕಿ ಕೊಟ್ನಲ್ಲ ಕಾಕಾ, ಬಟ್ಟಲದಾಗ," ಅಂದರು. ಕಾಕಾ ಅವರ ಹೆಗಲು ಹಿಡಿದು ನಿಂತರು.

ಪುಣೆಯಿಂದ ಫೋನ್ ಬಂದದ್ದು ಆಮೇಲೆ, ಮನೆ ತುಂಬ ಮಾತಾಡಿಸಲು ಬಂದ ಜನರಿದ್ದಾಗ. ಈರಣ್ಣ ನನ್ನ ಕೈಯಲ್ಲಿದ್ದ ಫೋನನ್ನು ನೋಡಿ, "ನೀವ ಮಾತಾಡ್ರಿ," ಎಂದು ತಲೆ ತಗ್ಗಿಸಿದರು. ನಾನು ಹಿತ್ತಲಿಗೆ ಹೋದೆ. ಅದೇ ಹುಡುಗಿ, ಅದೇ ಮೃದು ಹಿಂದಿ. ಎರಡೂ ಡ್ರಮ್ಮು ಒಂದೇ ಮಾಲು, ಎರಡೂ ಶುದ್ಧ ಪ್ರೊಪಿಲೀನ್. ಮೊಸರಿನಲ್ಲಿ ಬೆರೆತದ್ದು ಅತಿ ಸ್ವಲ್ಪ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಮತ್ತೊಮ್ಮೆ ಹೇಳಿಸಿಕೊಂಡೆ. ಅವಳು ಸಂತೋಷದಿಂದಲೇ ಹೇಳಿದಳು. ಪಾಪ, ಅವಳಿಗೇನು ಗೊತ್ತು.

ಈರಣ್ಣ ನನ್ನ ಹಿಂದೆಯೇ ಬಂದು ನಿಂತಿದ್ದರು.

"ಏನೂ ಇರಲಿಲ್ರಿ," ಅಂದೆ. "ಎರಡೂ ಚಲೋದ ಇದ್ದವಂತ. ಅವ್ವ ಹೋಗಿದ್ದು ಅದರಿಂದ ಅಲ್ರಿ. ನೀವು ಹಂಗ ತಿಳ್ಕೋಬ್ಯಾಡ್ರಿ."

ಅವರ ಮುಖದ ಮೇಲಿನ ಭಾರ ಇಳಿಯುತ್ತದೆಂದು ಕಾದೆ. ಒಂದು ಕ್ಷಣ ಇಳಿಯಿತು ಕೂಡ. ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. ಆಮೇಲೆ ಅವರಿಗೆ ಏನೋ ಹೊಳೆದದ್ದು ನನಗೆ ಕಂಡಿತು. ಅದನ್ನು ತಡೆಯಲು ನನ್ನಿಂದ ಆಗಲಿಲ್ಲ.

"ಹಂಗಾರ," ಅಂದರು, "ಕೊಡಬಹುದಿತ್ತಲ್ರಿ. ಒಂದ ಚಮಚೆ."

ಮಳೆಗಾಲ ಕಳೆದ ಮೇಲೆ ಡೈರಿ ಮತ್ತೆ ಶುರುವಾಯಿತು. ಹಳೆಯ ವ್ಯಾಟ್ ಗುಜರಿಗೆ ಹೋಯಿತು. ಈ ಸಲ ಕಾಯಿಸಲು ಒಂದು ಪಾತ್ರೆ, ಆರಿಸಲು ಇನ್ನೊಂದು. ಕಾಯಿಸುವುದಕ್ಕೆ ಬರೀ ಬಿಸಿನೀರು, ಆರಿಸುವುದಕ್ಕೆ ಅದೇ ಗ್ಲೈಕಾಲ್. ಯಾವುದು ಹಾಕೋಣ ಎಂಬ ಮಾತೇ ಬರಲಿಲ್ಲ. ದಸ್ತಗೀರ ಕಾಕಾ ತಾವೇ ಪ್ರೊಪಿಲೀನ್ ಬರೆಸಿದ್ದರು. ಹಾಲಿನವರಲ್ಲಿ ಅರ್ಧದಷ್ಟು ಜನ ಮರಳಿ ಬಂದರು. ಅಂಗಡಿಗಳು ಮೆಲ್ಲಗೆ ಒಂದೊಂದಾಗಿ ಕೇಳತೊಡಗಿದವು. ನಾನು ಆ ವರ್ಷದ ಕೊನೆಯವರೆಗೆ ಅಲ್ಲಿದ್ದು, ಗೋಕಾಕದ ಒಂದು ಕಾಲೇಜಿನ ಪ್ರಯೋಗಶಾಲೆಗೆ ಸೇರಿದೆ.

ಹೊಸ ಪಾತ್ರೆಯಿಂದ ಮೊದಲ ಮೊಸರು ಬಂದ ಬೆಳಿಗ್ಗೆ ನಾವೆಲ್ಲ ಸುತ್ತ ನಿಂತಿದ್ದೆವು. ಮೊದಲ ತುತ್ತು ಮಾಲೀಕರದು ಎಂದು ಕಾಕಾ ಒಂದು ಡಬ್ಬಿ ತೆರೆದು ಚಮಚ ಸಿಕ್ಕಿಸಿ ಈರಣ್ಣರ ಕೈಗಿತ್ತರು. ಮೊಸರು ಗಟ್ಟಿಯಾಗಿತ್ತು, ಮೇಲೆ ತೆಳುವಾದ ಹಳದಿ ಕೆನೆ. ಈರಣ್ಣ ಅದನ್ನು ಬಹಳ ಹೊತ್ತು ನೋಡಿ ನನ್ನ ಕಡೆ ಚಾಚಿದರು.

ನಾನು ತಿಂದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಹೆಂಗೈತ್ರಿ?"

"ಚಲೋ ಐತ್ರಿ."

"ಹುಳಿ?"

"ಇಲ್ರಿ. ಹದಾ ಐತಿ."

ತಲೆಯಾಡಿಸಿದರು. ಡಬ್ಬಿ ತಿರುಗಿ ಕೊಡಲು ಹೋದರೆ ಕೈ ಮುಂದೆ ಮಾಡಲಿಲ್ಲ. ಗೇಟಿನ ಆಚೆ ಕ್ಯಾನುಗಳು ಒಂದಕ್ಕೊಂದು ಬಡಿದ ಸದ್ದಾಯಿತು. "ಹಾಲ ಬಂತು," ಎಂದು ಹೇಳಿ, ಬಾಗಿಲು ತೆರೆಯಲು ಹೋದರು.